ತೊಂಬತ್ತು ದಿನದ ನೆಂಟ

“ಮೆಹ್ಮಾನ್ ನಹೀ,” ಎಂದಳು ಅಲೀಮಮ್ಮ, ಬಾಗಿಲಿನ ಚೌಕಟ್ಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು. “ಘರ್ ಕಾ ಆದ್ಮಿ.”

ಹೊರಗೆ ನಿಂತಿದ್ದ ಝಿಯಾವುದ್ದೀನ್ ಕೈಯಲ್ಲಿದ್ದ ಟ್ಯಾಬ್‌ನಿಂದ ತಲೆಯೆತ್ತಿ ಅವಳ ಭುಜದ ಮೇಲಿಂದ ಒಳಗೆ ನೋಡಿದ. ಹಾಲ್‌ನ ನೆಲದಲ್ಲಿ ಹಳೆಯ ಪೇಪರು ಹಾಸಿ, ಮಿಕ್ಸಿಯನ್ನು ತಲೆಕೆಳಗು ಮಾಡಿ ಬಿಚ್ಚಿಕೊಂಡು ಕೂತಿದ್ದ ನರೆಗೂದಲಿನ ಗಂಡಸು, ಸ್ಕ್ರೂಡ್ರೈವರ್ ಹಿಡಿದ ಕೈಯನ್ನೇ ಹಣೆಗೆ ಮುಟ್ಟಿಸಿ ನಕ್ಕ.

“ನೆಂಟ ಅಲ್ಲ, ಮನೆಯವನು ಅಂದರೆ? ಅಬ್ದುಲ್ ಹಕೀಮ್‌ನ ಅಣ್ಣನಾ?”

“ಅಣ್ಣನ ಹಾಗೆ.”

“ಹೆಸರು?”

“ಬಾಡ.”

ಝಿಯಾವುದ್ದೀನನ ಬೆರಳು ಟ್ಯಾಬ್‌ನ ಮೇಲೆ ನಿಂತಿತು. “ಎಂಥ ಹೆಸರಮ್ಮಾ ಇದು?”

“ಉಚ್ಚಿಲದವನು,” ಎಂದಳು ಅಲೀಮಮ್ಮ, ಅಷ್ಟರಲ್ಲೇ ಎಲ್ಲ ಉತ್ತರ ಇದೆ ಎನ್ನುವ ಹಾಗೆ.

“ಬಂದು ಎಷ್ಟು ದಿನ ಆಯ್ತು?”

“ದಿನ್ ಕೌನ್ ಗಿನ್ತಾ ಹೈ, ಬೇಟಾ? ದಿನ ಯಾರು ಎಣಿಸ್ತಾರೆ?”

ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದ ಸೊಸೆ ಶಮೀರಾಗೆ ಒಂದೊಂದು ಮಾತೂ ಕೇಳಿಸಿತು. ಎರಡು ದಿನ, ಎರಡೇ ದಿನ ಅನ್ನಿ ಮಾಮಿ, ಎಂದು ಅವಳು ಗೋಡೆಗೆ ಹೇಳಿದಳು. ಕೈತುಂಬ ಹಿಟ್ಟು. ತಲೆ ಬರಿದಾಗಿತ್ತು, ಬೆಂಕಿಯ ಮುಂದೆ ಸೆಕೆ ತಡೆಯದೆ ದುಪಟ್ಟಾ ಕಳಚಿ ಫ್ರಿಜ್‌ನ ಹಿಡಿಗೆ ಸಿಕ್ಕಿಸಿದ್ದಳು. ಕೈ ತೊಳೆದು, ಒರೆಸಿ, ದುಪಟ್ಟಾ ಸುತ್ತಿ, ಪಿನ್ನು ಹುಡುಕಿ ಹೊರಗೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಅಲೀಮಮ್ಮ ಸೋಫಾಕ್ಕೆ ಮರಳಿ ತಸ್ಬಿ ಮಣಿಸರ ಎತ್ತಿಕೊಂಡಿದ್ದಳು.

“ಯಾರು ಮಾಮಿ ಅದು?”

“ಕಂಪನಿಯವನು. ಒಳ್ಳೆ ಹುಡುಗ. ಮನೆಯಲ್ಲಿ ಎಷ್ಟು ಜನ ಅಂತ ಕೇಳಿದ. ಐದು ಅಂದೆ.”

ಬಾಡಣ್ಣ ಮಿಕ್ಸಿಯೊಳಗೆ ನೋಡುತ್ತಲೇ, “ನಾಲ್ಕು ಅನ್ನಬೇಕಿತ್ತು, ಉಮ್ಮ,” ಎಂದ.

“ನೀನು ಸುಮ್ಮನೆ ಸ್ಕ್ರೂ ತಿರುಗಿಸು.”

ಮೂಳೂರಿನಲ್ಲಿ ಅಲೀಮಮ್ಮ ಮದುವೆಯಾಗಿ ಹೋದ ಮನೆಯಲ್ಲಿ ಒಂದು ಕಟ್ಟುಪಾಡು ಇತ್ತು. ಮನೆಯಲ್ಲಿ ಉಂಡು ಮಲಗುವವನ ಕಿವಿಗೆ ಬೀಳುವ ಹಾಗೆ ಅವನನ್ನು ನೆಂಟ ಎನ್ನಬಾರದು; ಬಂದು ಎಷ್ಟು ದಿನವಾಯಿತೆಂದು ಯಾರಾದರೂ ಕೇಳಿದರೆ ಉತ್ತರ ಕೊಡಬಾರದು. ಎಪ್ಪತ್ತೆರಡು ವರ್ಷದ ಆಕೆ ಈ ಒಂದು ಮರ್ಯಾದೆಯನ್ನು ತಪ್ಪಿದವಳಲ್ಲ. ಜಿದ್ದಾದ ಅಝೀಝಿಯಾದ ಈ ಮೂರನೇ ಮಹಡಿಯಲ್ಲೂ ತಪ್ಪಲಿಲ್ಲ.

*

ಹತ್ತು ದಿನದ ಮೇಲೆ ಸಂದೇಶ ಬಂತು. ಅಬ್ದುಲ್ ಹಕೀಮ್ ಗೋದಾಮಿನ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತ ಮೇಲೆ ಫೋನನ್ನು ಮಗಳಿಗೆ ಕೊಟ್ಟ. ಮನೆಗೆ ಬರುವ ಇಂಗ್ಲಿಷ್ ಕಾಗದಗಳನ್ನೆಲ್ಲ ಓದುವುದು ಹನ್ನೊಂದನೇ ಕ್ಲಾಸಿನ ಹುದಾಳ ಕೆಲಸ.

“ನಿಮ್ಮ ಫ್ಯಾಮಿಲಿ ಫೀಸ್ ಕನ್ಸೆಶನ್ ಈ ರಿನೀವಲ್‌ನಿಂದ ಸ್ಟಾಪ್,” ಎಂದಳು ಹುದಾ. “ರೀಸನ್, ಮನೆಯಲ್ಲಿ ಪರ್ಮನೆಂಟ್ ಆಗಿ ಹೊರಗಿನವರು ಇದ್ದಾರೆ.”

“ಸ್ಟಾಪ್ ಅಂದರೆ ಪೂರ್ತಿಯಾ?” ಶಮೀರಾ ಕೇಳಿದಳು.

“ಪೂರ್ತಿ.”

ಗಂಡನ ಇಕಾಮಾ ಎಂಬ ವಾಸದ ಪರವಾನಗಿಯ ಮೇಲೆ ಇರುವ ಪ್ರತಿಯೊಂದು ತಲೆಗೆ ಸರ್ಕಾರ ತಿಂಗಳಿಗೆ ನಾನೂರು ರಿಯಾಲ್ ತೆರಿಗೆ ಹಾಕುತ್ತದೆ. ಹಕೀಮನದು ಮೂರು ತಲೆ: ತಾಯಿ, ಹೆಂಡತಿ, ಮಗಳು. ಒಂದು ವರ್ಷದ್ದನ್ನು ಒಟ್ಟಿಗೆ ಕಟ್ಟಿದರೇ ಇಕಾಮಾ ಮುಂದುವರಿಯುವುದು. ಅದರಲ್ಲಿ ಅರ್ಧವನ್ನು ಅವನ ಕಂಪನಿ ಭರಿಸುತ್ತಿತ್ತು, ತಾನು ಬಾಡಿಗೆಗೆ ಹಿಡಿದುಕೊಟ್ಟ ಮನೆಯಲ್ಲಿ ಕುಟುಂಬ ಮಾತ್ರ ಇರಬೇಕೆಂಬ ಷರತ್ತಿನ ಮೇಲೆ. ಹಿಂದೆ ಕೆಲವರು ಹಾಲ್‌ಗಳಲ್ಲಿ ಒಂಟಿ ಗಂಡಸರನ್ನು ತುಂಬಿಸಿ, ನೆಂಟರೆಂದು ಹೇಳಿ ಬಾಡಿಗೆ ಎತ್ತಿದ್ದರು. ಆಮೇಲೆ ಝಿಯಾವುದ್ದೀನ್ ಟ್ಯಾಬ್ ಹಿಡಿದು ಮನೆಮನೆ ಸುತ್ತತೊಡಗಿದ್ದ.

“ರಿನೀವಲ್ ಯಾವಾಗ?”

“ಇನ್ನು ಆರು ವಾರ,” ಎಂದ ಹಕೀಮ್. ಅವನ ತಟ್ಟೆಯಲ್ಲಿ ಬೂತಾಯಿ ಮೀನಿನ ಸಾರು ಹಾಗೇ ಇತ್ತು.

“ಅರ್ಧ ಹೋದರೆ ನಮ್ಮಿಂದ ಮೂರು ತಲೆ ಕಟ್ಟಲಿಕ್ಕೆ ಆಗ್ತದಾ?”

ಉತ್ತರ ಕೊಟ್ಟವಳು ಅಲೀಮಮ್ಮ. “ಎರಡು ತಲೆ ಆಗ್ತದೆ. ಹುಡುಗಿಗೆ ಶಾಲೆ ಉಂಟು. ನೀನು ಇಲ್ಲದೆ ಇವರು ಉಣ್ಣುವುದಿಲ್ಲ. ಉಳಿದದ್ದು ಮುದುಕಿ. ಟಿಕೆಟ್ ಮಾಡಿ.”

“ಉಮ್ಮ, ಮೂಳೂರಲ್ಲಿ ಯಾರಿದ್ದಾರೆ ಅಂತ?”

“ಗೋಡೆ ಉಂಟಲ್ಲ.”

“ಉಮ್ಮಮ್ಮ ಹೋದರೆ ನಾನೂ ಹೋಗ್ತೇನೆ,” ಎಂದಳು ಹುದಾ.

“ನೀನು ಎಲ್ಲಿಗೆ ಹೋಗುವುದು? ಫಿಸಿಕ್ಸ್‌ನಲ್ಲಿ ನಲವತ್ತೆರಡು ತೆಗೆದಿದ್ದೀ,” ಎಂದ ಹಕೀಮ್.

ಶಮೀರಾ ಅತ್ತೆಯ ಕಡೆ ತಿರುಗಿದಳು. “ಮಾಮಿ, ಒಂದೇ ಒಂದು ಮಾತು. ಬಂದು ಎರಡು ತಿಂಗಳಾಯ್ತು ಅಂದಿದ್ದರೆ ಆಗ್ತಿತ್ತು. ತೊಂಬತ್ತು ದಿನದ ತನಕ ನೆಂಟರಿಗೆ ಬಿಡ್ತಾರೆ. ಎಲ್ಲರಿಗೂ ಗೊತ್ತುಂಟು.”

“ಅವನು ಅಲ್ಲೇ ಕೂತಿದ್ದ. ನನ್ನ ಮಿಕ್ಸಿ ರಿಪೇರಿ ಮಾಡ್ತಿದ್ದ. ಅವನ ಎದುರಿಗೆ ನೆಂಟ ಅನ್ನಲಾ?”

“ಅಂದರೆ ಎಂತ ಆಗ್ತಿತ್ತು?”

“ಎಂತ ಆಗ್ತಿತ್ತು ಅಂತ ನಿನಗೆ ಗೊತ್ತಾಗುವುದಿಲ್ಲ.”

ಹೊರಬಾಗಿಲ ಬೀಗದಲ್ಲಿ ಕೀ ಹೊಕ್ಕಿತು. ತಿರುಗುವ ಮೊದಲು ಬಾಗಿಲ ಆಚೆಯಿಂದ ಒಂದು ಕೆಮ್ಮು ಬಂತು, ನಂತರ ಇನ್ನೊಂದು. ದಿನವೂ ಹಾಗೆಯೇ. ಶಮೀರಾ ದುಪಟ್ಟಾ ಎಳೆದುಕೊಳ್ಳಲಿ ಎಂದು ಬಾಡಣ್ಣ ಹತ್ತು ಎಣಿಸುವಷ್ಟು ಹೊತ್ತು ಹೊರಗೆ ನಿಲ್ಲುತ್ತಿದ್ದ. ಅವನು ಒಳಗೆ ಬಂದಾಗ ಎಲ್ಲರೂ ಉಣ್ಣುತ್ತಿದ್ದರು. ಉಣ್ಣುವುದರಲ್ಲಿ ಎಲ್ಲರೂ ಬಹಳ ಆಸಕ್ತರಾಗಿದ್ದರು.

“ಎಂತ, ಸಾರಿಗೆ ಉಪ್ಪು ಜಾಸ್ತಿಯಾ?” ಎಂದ ಬಾಡಣ್ಣ.

“ಶುಂಠಿ ಜಾಸ್ತಿ,” ಎಂದಳು ಅಲೀಮಮ್ಮ. “ನೀನು ಹೇಳಿದ ಹಾಗೆ ಹಾಕಿದ್ದು. ಬೂತಾಯಿಗೆ ಇಷ್ಟು ಶುಂಠಿ ಯಾರಾದರೂ ಹಾಕ್ತಾರಾ?”

“ಉಚ್ಚಿಲದಲ್ಲಿ ಹಾಕ್ತಾರೆ.”

“ಅದಕ್ಕೇ ಉಚ್ಚಿಲದವರು ಹಾಗಿರುವುದು.”

*

ಇಪ್ಪತ್ತೆರಡು ವರ್ಷದ ಹಿಂದೆ, ಹತ್ತೊಂಬತ್ತರ ಹಕೀಮ್ ಜಿದ್ದಾಕ್ಕೆ ಬಂದ ಎಂಟನೇ ದಿನ ಅವನಿಗೆ ಸೀತಾಳೆ ಸಿಡುಬು ಎದ್ದಿತು. ಒಂದು ಕೋಣೆಯಲ್ಲಿ ಅವನನ್ನು ಬಿಟ್ಟು ಒಂಬತ್ತು ಜನ. ಎಂಟು ಜನ ಅವನ ಪೆಟ್ಟಿಗೆಯನ್ನು ಮೆಟ್ಟಿಲಿನ ಮೇಲೆ ಇಟ್ಟರು. ಒಂಬತ್ತನೆಯವನು ಎ.ಸಿ. ಮೆಕ್ಯಾನಿಕ್ ಬಾಡಣ್ಣ. ಅವನು ಪೆಟ್ಟಿಗೆಯನ್ನು ಎತ್ತಿಕೊಂಡು ಹಕೀಮನನ್ನು ಟೆರೇಸಿನ ನೀರಿನ ಟ್ಯಾಂಕಿನ ಬದಿಗೆ ಕರೆದೊಯ್ದು, ಎರಡು ಬೆಡ್‌ಶೀಟ್ ಕಟ್ಟಿ ನೆರಳು ಮಾಡಿ, ಹದಿಮೂರು ದಿನ ಗಂಜಿ ಕುಡಿಸಿದ.

“ಆ ಕಥೆ ನನಗೆ ಬಾಯಿಪಾಠ ಉಂಟು,” ಎಂದಳು ಶಮೀರಾ. ಅವರಿಬ್ಬರೂ ಕಾರಿನಲ್ಲಿದ್ದರು. ಸಾಮಾನು ತರುವ ನೆಪದಲ್ಲಿ ಹೊರಟದ್ದು. ಮನೆಯಲ್ಲಿ ಗಂಡಹೆಂಡತಿ ಮಾತಾಡಲು ಈಗ ಜಾಗವಿರಲಿಲ್ಲ. ಒಂದು ಕೋಣೆಯಲ್ಲಿ ಅಲೀಮಮ್ಮ ಮತ್ತು ಹುದಾ, ಇನ್ನೊಂದು ಕೋಣೆಯ ಗೋಡೆಯಾಚೆಗೇ ಬಾಡಣ್ಣನ ಹಾಸಿಗೆ.

“ನಾನು ಅವರನ್ನು ಹೊರಗೆ ಹಾಕಿ ಅಂತ ಯಾವತ್ತಾದರೂ ಹೇಳಿದ್ದೇನಾ?”

“ಇಲ್ಲ.”

“ಅವರ ಕಂಪನಿ ಕ್ಯಾಂಪ್ ಮುಚ್ಚಿದಾಗ ಹದಿನೈದು ದಿನಕ್ಕೆ ಅಂತ ಬಂದದ್ದು. ವೀಸಾಕ್ಕೆ ಹೊಸ ಕಫೀಲ್ ಸಿಕ್ಕಿದ, ಶರಫಿಯಾದ ಎ.ಸಿ. ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅವತ್ತು ಅವರೇ ಚೀಲ ಕಟ್ಟಿದರು. ಬೇಡ, ಇಲ್ಲೇ ಇರು ಅಂದದ್ದು ಯಾರು?”

“ನಾನು.”

“ನನ್ನನ್ನು ಕೇಳಿದಿರಾ?”

ಹಕೀಮ್ ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿದ. ದೀಪ ಹಸಿರಾಯಿತು. ಹಿಂದಿನವನು ಹಾರ್ನ್ ಹೊಡೆದ.

“ಯಲ್ಲಾ, ಹೋಗಿ,” ಎಂದಳು ಶಮೀರಾ. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಹೇಳಿದಳು: “ನಾಲ್ಕು ತಿಂಗಳಾಯ್ತು. ನಾನು ತಲೆಸ್ನಾನ ಮಾಡಿ ಕೂದಲನ್ನು ಒದ್ದೆಯಲ್ಲೇ ಕಟ್ಟಿ ದುಪಟ್ಟಾ ಸುತ್ತಿಕೊಳ್ಳುತ್ತೇನೆ. ಇಡೀ ದಿನ ತಲೆನೋವು. ನನ್ನ ಹಾಲ್‌ನಲ್ಲಿ ನಾನು ಕಾಲು ನೀಡಿ ಕೂರಲಿಲ್ಲ. ಫೋನಲ್ಲಿ ತಂಗಿಯ ಹತ್ತಿರ ಜೋರಾಗಿ ಮಾತಾಡಲಿಲ್ಲ. ಅವರು ಒಳ್ಳೆಯವರು ಅಂತ ಗೊತ್ತುಂಟು. ತಟ್ಟೆ ತೊಳೆದಿಡ್ತಾರೆ, ನೀರಿನ ಕ್ಯಾನ್ ಹೊರುತ್ತಾರೆ, ನನ್ನ ಕಡೆ ಮುಖ ಎತ್ತಿ ನೋಡುವುದಿಲ್ಲ. ಅಷ್ಟು ಒಳ್ಳೆಯವರ ಮೇಲೆ ಸಿಟ್ಟು ಬರ್ತದೆ ಅಂತ ನನಗೆ ನನ್ನ ಮೇಲೇ ಸಿಟ್ಟು.”

“ಮೊದಲೇ ಹೇಳಬಹುದಿತ್ತು.”

“ಹೇಳಿದರೆ ನೀವು ಸಿಡುಬಿನ ಕಥೆ ಹೇಳ್ತಿದ್ದಿರಿ.”

ಹಕೀಮ್‌ಗೆ ನಗು ಬಂತು. ಅವಳಿಗೂ ಸ್ವಲ್ಪ ಬಂತು. ಆಮೇಲೆ ಇಬ್ಬರೂ ಈರುಳ್ಳಿ ಕೊಳ್ಳಲು ಮರೆತು ಮನೆಗೆ ಹೋದರು.

*

ಝಿಯಾವುದ್ದೀನ್ ತನ್ನ ಮೇಜಿನ ಎದುರಿನ ಕುರ್ಚಿಯ ಮೇಲಿದ್ದ ಫೈಲುಗಳನ್ನು ತೆಗೆದು ಹಕೀಮನನ್ನು ಕೂರಿಸಿದ.

“ಭಾಯಿ, ನಿಮ್ಮ ಅಮ್ಮ ಹೇಳಿದ್ದನ್ನೇ ಹಾಕಿದೆ. ನಾನಾಗಿ ಒಂದು ಅಕ್ಷರ ಸೇರಿಸಲಿಲ್ಲ.”

“ಗೊತ್ತು. ಅವನು ನಮಗೆ ಒಂದು ರಿಯಾಲ್ ಕೊಡುವುದಿಲ್ಲ, ನಾವು ತೆಗೆದುಕೊಳ್ಳುವುದೂ ಇಲ್ಲ.”

“ಅದನ್ನು ಎಲ್ಲಿ ಬರೆಯಲಿ? ಆ ಕಾಲಂ ಇಲ್ಲ.” ಝಿಯಾವುದ್ದೀನ್ ಕನ್ನಡಕ ಒರೆಸಿದ. “ರೂಲ್ ಹೀಗಿದೆ. ನೆಂಟ ಸತತ ತೊಂಬತ್ತು ದಿನ ದಾಟಬಾರದು. ದಾಟಿದ್ದರೆ ಹದಿನೈದು ರಾತ್ರಿ ಬೇರೆ ಕಡೆ ಮಲಗಬೇಕು. ಮಲಗಿದ ಕಡೆಯವರು ಬರೆದುಕೊಡಬೇಕು. ನಾನು ನಡುವೆ ಎರಡು ಸಲ ಹೇಳದೆ ಬಂದು ನೋಡುತ್ತೇನೆ. ಆಮೇಲೆ ರಿಯಾಯಿತಿ ವಾಪಸ್. ನೆಂಟನೂ ವಾಪಸ್ ಬರಬಹುದು, ಮತ್ತೆ ಒಂದರಿಂದ ಎಣಿಕೆ.”

“ಅಷ್ಟೇನಾ?”

“ಅಷ್ಟೇ. ಯಾಕೆ, ಕಷ್ಟವಾ?”

ಕಷ್ಟವಾಗಿದ್ದು ಬಾಡಣ್ಣನಿಗೆ ಹೇಳುವುದು. ಹಕೀಮ್ ಅವನನ್ನು ಅಂಗಡಿಯಿಂದ ಕರೆದುಕೊಂಡು ಹೋಗಿ ಚಹಾ ಕೊಡಿಸಿದ. ಎರಡನೇ ಚಹಾ ಕೊಡಿಸಿದ. ಗೋದಾಮಿನ ಫ್ರೀಜರ್ ಕೆಟ್ಟ ವಿಷಯ ಹೇಳಿದ. ಊರಲ್ಲಿ ಮೀನುಗಾರಿಕೆ ರಜೆ ಯಾವಾಗ ಮುಗಿಯುತ್ತದೆ ಎಂದು ಕೇಳಿದ.

“ನೀನು ಎರಡು ಚಹಾ ಕೊಡಿಸುವವನಲ್ಲ,” ಎಂದ ಬಾಡಣ್ಣ. “ಎಷ್ಟು ರಾತ್ರಿ?”

“ಎಂತ?”

“ಹುದಾ ಹೇಳಿದಳು. ಅವಳಿಗೆ ಬೈಯಬೇಡ, ನಾನೇ ಗೋಗರೆದು ಕೇಳಿದ್ದು. ನೀವು ನಾಲ್ಕು ಜನ ಹತ್ತು ದಿನದಿಂದ ಅಷ್ಟು ಮನಸ್ಸಿಟ್ಟು ಉಣ್ಣುವುದು ನೋಡಿ ನನಗೆ ಸಂಶಯ ಬಂದಿತ್ತು. ಹದಿನೈದಾ?”

“ಹದಿನೈದು. ಹದಿನಾರನೇ ದಿನ ನಾನೇ ಬಂದು ಕರೆದುಕೊಂಡು ಹೋಗ್ತೇನೆ.”

“ಹಸನ್ ಕುಂಞಿಯ ರೂಮಿನಲ್ಲಿ ಮಂಚ ಖಾಲಿ ಉಂಟು. ಟೈಲರ್ ಅಂಗಡಿಯ ಮೇಲೆ. ಅವತ್ತೇ ಕೇಳಿಟ್ಟಿದ್ದೇನೆ.”

“ಯಾವತ್ತು?”

“ಆ ಕಂಪನಿಯವನು ಬಂದ ದಿನ.”

ಹಕೀಮ್ ಮೂರನೇ ಚಹಾ ಹೇಳಿದ. ಬಾಡಣ್ಣ ಅದನ್ನೂ ಕುಡಿದ.

*

ಅಲೀಮಮ್ಮ ಮೂರು ದಿನ ಮಗನ ಜೊತೆ ಮಾತು ಬಿಟ್ಟಳು. ಬೇಕಾದ್ದನ್ನು ಮೊಮ್ಮಗಳ ಮೂಲಕ ಹೇಳಿದಳು. “ನಿನ್ನ ಉಪ್ಪನಿಗೆ ಹೇಳು, ಕ್ಯಾನಿನ ನೀರು ಮುಗಿದಿದೆ. ಹೊರುವವರನ್ನು ಕಳಿಸಿಬಿಟ್ಟಿದ್ದಾನಲ್ಲ, ಇನ್ನು ಅವನೇ ಹೊರಲಿ.”

ಶುಕ್ರವಾರ ಹೋದ ಬಾಡಣ್ಣ ಒಂದು ಕೈಚೀಲ ಮಾತ್ರ ಒಯ್ದಿದ್ದ. ಹಾಸಿಗೆಯನ್ನು ಮಡಚಿ, ಮೇಲೆ ದಿಂಬು ಇಟ್ಟು, ಸೋಫಾದ ಹಿಂದೆ ಸರಿಸಿದ್ದ. ಹೋಗುವಾಗ ಶಮೀರಾಗೆ, “ಗ್ಯಾಸಿನ ಪೈಪ್ ಬದಲಾಯಿಸಿದ್ದೇನೆ. ಹಳೆಯದು ಬಿರಿದಿತ್ತು,” ಎಂದ. ಅವಳು, “ಆಯ್ತು ಬಾಡಣ್ಣ,” ಎಂದಳು.

ಶನಿವಾರ ಬೆಳಿಗ್ಗೆ ಶಮೀರಾ ಎಣ್ಣೆ ಹಚ್ಚಿ ಸ್ನಾನ ಮಾಡಿ ಹಾಲ್‌ನ ಕಿಟಕಿಯ ಹತ್ತಿರ ಬಂದು ಕೂತಳು. ಸೊಂಟದವರೆಗಿನ ಕೂದಲನ್ನು ಸೋಫಾದ ಬೆನ್ನಿಗೆ ಹರಡಿದಳು. ಎದುರಿನ ಸ್ಟೂಲಿನ ಮೇಲೆ ಕಾಲು ನೀಡಿದಳು. ಎ.ಸಿ.ಯ ಗಾಳಿ ಬುಡಕ್ಕೆ ತಾಗಿ ಕೂದಲು ಒಣಗುತ್ತಿದ್ದ ಹಾಗೆ ಅವಳಿಗೆ ಕೂತಲ್ಲೇ ನಿದ್ದೆ ಹತ್ತಿತು. ಹುದಾ ಬಂದು ನೋಡಿ, ಸದ್ದು ಮಾಡದೆ ವಾಪಸ್ ಹೋದಳು. ತನ್ನ ಉಮ್ಮ ಹಗಲು ಮಲಗಿದ್ದನ್ನು ಅವಳು ಬಹಳ ದಿನದಿಂದ ನೋಡಿರಲಿಲ್ಲ.

ಮೂರನೇ ರಾತ್ರಿ ಝಿಯಾವುದ್ದೀನ್ ಬಂದ. ಬಚ್ಚಲು, ಬಾಲ್ಕನಿ ನೋಡಿದ. ಸೋಫಾದ ಹಿಂದಿನ ಹಾಸಿಗೆಯನ್ನೂ ನೋಡಿದ.

“ಇದು?”

“ಹಾಸಿಗೆ,” ಎಂದಳು ಅಲೀಮಮ್ಮ. “ಮಲಗುತ್ತೀಯಾ?”

ಅವನು ನಕ್ಕು, ಟ್ಯಾಬ್‌ನಲ್ಲಿ ಏನೋ ಒತ್ತಿ, ಅವಳು ಕೊಟ್ಟ ಖರ್ಜೂರ ತಿಂದು ಹೋದ.

ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿ ಸಣ್ಣಪುಟ್ಟವು ಹದ ತಪ್ಪಿದವು. ಹಕೀಮ್ ನೀರಿನ ಕ್ಯಾನ್ ಹೊತ್ತು ಸೊಂಟ ಹಿಡಿದುಕೊಂಡ. ಬುಧವಾರ ಯಾರೂ ಕಸ ಇಳಿಸಲಿಲ್ಲ. ಬುಧವಾರ ಯಾರು ಇಳಿಸುತ್ತಿದ್ದರೆಂದು ಆಗ ಎಲ್ಲರಿಗೂ ಗೊತ್ತಾಯಿತು. ಅಲೀಮಮ್ಮ ಬಂಗುಡೆಯ ತಲೆಯನ್ನು ತಟ್ಟೆಯ ಅಂಚಿಗೆ ಸರಿಸಿ, “ಇದನ್ನು ತಿನ್ನುವಾಗ ಜಗಳ ಮಾಡಲಿಕ್ಕೆ ಯಾರೂ ಇಲ್ಲ,” ಎಂದು ಏಳುತ್ತಿದ್ದಳು. ಅರ್ಧ ಅನ್ನ ಉಳಿಯುತ್ತಿತ್ತು.

“ಮಾಮಿ, ಶುಂಠಿ ಜಾಸ್ತಿ ಹಾಕಿದ್ದೇನೆ ಇವತ್ತು,” ಎಂದಳು ಶಮೀರಾ ಒಂದು ದಿನ.

“ಯಾಕೆ?”

“ಬೈಯಲಿಕ್ಕೆ ನಿಮಗೆ ಎಂತಾದರೂ ಬೇಕಲ್ಲ.”

ಅಲೀಮಮ್ಮ ಸೊಸೆಯ ಮುಖ ನೋಡಿದಳು. ಆ ದಿನ ಅನ್ನ ಪೂರ್ತಿ ಉಂಡಳು, ಬೈಯಲಿಲ್ಲ.

*

ಒಂಬತ್ತನೇ ದಿನ ಹುದಾ ಟ್ಯೂಷನ್ ಮುಗಿಸಿ ಮೆಟ್ಟಿಲು ಹತ್ತುವಾಗ ಮೂರನೇ ಮಹಡಿಯ ತಿರುವಿನಲ್ಲಿ ಬಾಡಣ್ಣ ನಿಂತಿದ್ದ. ಕೈಯಲ್ಲಿ ಮೀನಿನ ಪ್ಲಾಸ್ಟಿಕ್ ಚೀಲ. ತಳದಿಂದ ಐಸ್ ನೀರು ಅವನ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ಬೆಲ್ ಒತ್ತಿರಲಿಲ್ಲ.

“ಬಾಡ ಮಾಮ—”

ಅವನು ತುಟಿಗೆ ಬೆರಳಿಟ್ಟ.

ಒಳಗಿನಿಂದ ಶಮೀರಾಳ ನಗು ಕೇಳಿಸುತ್ತಿತ್ತು. ಫೋನಿನಲ್ಲಿ ತಂಗಿಯ ಜೊತೆ ಯಾವುದೋ ಮದುವೆಯ ವಿಷಯ. ಗಂಟಲು ಬಿಟ್ಟು ನಗುತ್ತಿದ್ದಳು, ನಡುವೆ ಮಾತು ತುಂಡಾಗಿ, ಮತ್ತೆ ಅದೇ ಮಾತನ್ನು ಹೇಳಹೋಗಿ, ಮತ್ತೆ ನಗುತ್ತಿದ್ದಳು. “ಅಯ್ಯೋ ಸಾಕು, ಹೊಟ್ಟೆ ನೋವಾಗ್ತದೆ ಮಾರಾಯ್ತಿ,” ಎಂದು ಕೂಗಿದಳು. ಅವಳು ಹಾಲ್‌ನಲ್ಲಿ ಓಡಾಡುತ್ತ ಮಾತಾಡುತ್ತಿದ್ದಳು. ದನಿ ಹತ್ತಿರ ಬಂದು ದೂರ ಹೋಗುತ್ತಿತ್ತು.

“ನಿನ್ನ ಉಮ್ಮ ಹೀಗೆ ನಗುತ್ತಾಳಾ?” ಎಂದ ಬಾಡಣ್ಣ ಪಿಸುದನಿಯಲ್ಲಿ.

“ಹಾಂ. ಅವರು ಸಿಕ್ಕಾಪಟ್ಟೆ ಲೌಡ್. ಶಾಲೆಯ ಫಂಕ್ಷನ್‌ನಲ್ಲಿ ನನಗೆ ನಾಚಿಕೆ ಆಗ್ತದೆ.”

“ನಾಲ್ಕು ತಿಂಗಳಲ್ಲಿ ನಾನು ಒಂದು ಸಲವೂ ಕೇಳಲಿಲ್ಲ.”

ಹುದಾ ಬೆಲ್ ಒತ್ತಲು ಕೈ ಎತ್ತಿದಳು. ಅವನು ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಚೀಲವನ್ನು ಅವಳಿಗೆ ಕೊಟ್ಟ.

“ಬಂಗುಡೆ. ಉಮ್ಮಮ್ಮನಿಗೆ. ಅಂಗಡಿಯವನು ತಲುಪಿಸಿದ ಅನ್ನು.”

“ಒಳಗೆ ಬನ್ನಿ. ಹಗಲು ಬರಬಹುದು. ರಾತ್ರಿ ಮಾತ್ರ ರೂಲ್.”

“ಈಗ ಬಂದರೆ ಅವಳು ದುಪಟ್ಟಾ ಹುಡುಕಲಿಕ್ಕೆ ಓಡ್ತಾಳೆ,” ಎಂದ ಬಾಡಣ್ಣ. “ನಗಲಿ. ನಾನು ಬಂದಿದ್ದೆ ಅಂತ ಹೇಳಬೇಡ.”

ಅವನು ಇಳಿದು ಹೋದ. ಹುದಾ ಐದು ನಿಮಿಷ ಮೆಟ್ಟಿಲಿನ ಮೇಲೆಯೇ ಕೂತಿದ್ದಳು, ನಗು ಮುಗಿಯುವ ತನಕ. ಆಮೇಲೆ ಬೆಲ್ ಒತ್ತಿದಳು. ಅಂಗಡಿಯವನು ಕೊಟ್ಟದ್ದು ಎಂದಳು. ಅಲೀಮಮ್ಮ ಚೀಲ ಬಿಡಿಸಿ, ಒಂದೊಂದೇ ಮೀನಿನ ಕಿವಿರು ಎತ್ತಿ ನೋಡಿ, “ಯಾವ ಅಂಗಡಿಯವನು ಇಷ್ಟು ನೋಡಿ ಆರಿಸುತ್ತಾನೆ?” ಎಂದಳು. ಹುದಾ ಫಿಸಿಕ್ಸ್ ಪುಸ್ತಕ ತೆರೆದಳು.

*

ಎರಡನೇ ತಪಾಸಣೆ ಹದಿಮೂರನೇ ರಾತ್ರಿ ಆಯಿತು. ಹದಿನಾರನೇ ದಿನ, ಶನಿವಾರ, ಝಿಯಾವುದ್ದೀನ್ ರಜೆಯಲ್ಲಿದ್ದೂ ಹಕೀಮ್‌ಗೆ ಸಂದೇಶ ಕಳಿಸಿದ. ಹುದಾ ಓದಿದಳು: ರಿಯಾಯಿತಿ ಮುಂದುವರಿದಿದೆ, ಮೂರು ತಲೆಗೂ ಅರ್ಧ ಕಂಪನಿಯದು.

ಅಲೀಮಮ್ಮ ಕಣ್ಣು ಮುಚ್ಚಿ ಅಲ್‌ಹಮ್ದುಲಿಲ್ಲಾಹ್ ಎಂದಳು. ಕಣ್ಣು ತೆರೆದು ಮಗನಿಗೆ ಎರಡು ವಾರದಲ್ಲಿ ಮೊದಲ ಉದ್ದನೆಯ ವಾಕ್ಯ ಹೇಳಿದಳು. “ಹಾಗಾದರೆ ನಿನ್ನ ಕಾರಿನ ಕೀ ಎಲ್ಲಿ, ಯಾಕೆ ಇನ್ನೂ ಕೂತಿದ್ದೀ?”

ಹಕೀಮ್ ಹೆಂಡತಿಯನ್ನು ನೋಡಿದ. ಕಾರಿನಲ್ಲಿ ಅವಳು ಹೇಳಿದ್ದನ್ನು ಅವನು ಮರೆತಿರಲಿಲ್ಲ. “ಸ್ವಲ್ಪ ದಿನ ಅಲ್ಲೇ ಇರಲಿ ಅಂದರೂ ಬಾಡಣ್ಣ ಬೇಸರ ಮಾಡುವುದಿಲ್ಲ. ನೀನು ಹೇಳು.”

“ಕರೆದುಕೊಂಡು ಬರುವಾ,” ಎಂದಳು ಶಮೀರಾ.

“ನಿಜವಾಗಿ?”

“ಬೆಳಿಗ್ಗೆಯಿಂದ ನಾನು ಎಂತ ಮಾಡ್ತಾ ಇದ್ದೇನೆ ಅಂತ ನೋಡಲಿಲ್ಲವಾ?”

ಅವರು ನೋಡಿದರು. ಹಾಲ್‌ನ ನಡುವೆ, ಈ ಗೋಡೆಯಿಂದ ಆ ಗೋಡೆಗೆ, ಅವಳು ತಂತಿ ಬಿಗಿದು ದಪ್ಪ ಕಂದು ಪರದೆ ಇಳಿಬಿಟ್ಟಿದ್ದಳು. ಆಚೆ ಬಾಡಣ್ಣನಿಗೆ ಕಿಟಕಿ, ಈಚೆ ತನಗೆ ಸೋಫಾ. ಮಡಚಿದ್ದ ಹಾಸಿಗೆಗೆ ಒಗೆದ ಹೊದಿಕೆ ಹಾಕಿದ್ದಳು.

“ಕಿಟಕಿ ಅವರಿಗೆ ಯಾಕೆ?” ಎಂದಳು ಹುದಾ. “ನೀವು ಕೂದಲು ಒಣಗಿಸುವ ಜಾಗ ಅದು.”

“ಬೀಡಿ ಸೇದುತ್ತಾರಲ್ಲ ಅವರು, ಹೊಗೆ ಹೋಗುವುದು ಎಲ್ಲಿಂದ? ನಾನು ಈಚೆ ಕೂತು ಒಣಗಿಸಿಕೊಳ್ಳುತ್ತೇನೆ. ನಾಲ್ಕು ತಿಂಗಳು ಪರದೆಯ ಬುದ್ಧಿ ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ.” ತಡೆದು ಹೇಳಿದಳು: “ಮನೆ ನನ್ನದಾಯ್ತು ಅಂತ ಎರಡು ದಿನ ಖುಷಿಯಾಯ್ತು. ಆಮೇಲೆ ಬಾಗಿಲ ಹತ್ತಿರ ಯಾರೂ ಕೆಮ್ಮುವುದಿಲ್ಲ ಅಂತ ಕಿವಿ ಕೊಡ್ತಾ ಇದ್ದೆ.”

ಹುದಾ ಮೆಟ್ಟಿಲಿನ ವಿಷಯ ಹೇಳಲು ಬಾಯಿ ತೆರೆದಳು. ಶಮೀರಾ ಆಗಲೇ ಅಬಾಯಾ ಹಾಕಿಕೊಳ್ಳುತ್ತಿದ್ದಳು. ಹುದಾ ಚಪ್ಪಲಿ ಹುಡುಕಲು ಹೋದಳು.

*

ಶರಫಿಯಾದಲ್ಲಿ ಕಾರು ನಿಲ್ಲಿಸಲು ಅರ್ಧ ಗಂಟೆ ಬೇಕಾಯಿತು. ಹಸನ್ ಕುಂಞಿಯ ಟೈಲರ್ ಅಂಗಡಿಯ ಬದಿಯಲ್ಲಿ ಕಿರಿದಾದ ಮೆಟ್ಟಿಲು. ಅಲೀಮಮ್ಮ ಒಂದೊಂದು ಮೆಟ್ಟಿಲಿಗೂ ನಿಂತು ಮಗನನ್ನು ಬೈದಳು. ಮೇಲೆ, ಆರು ಮಂಚದ ಕೋಣೆಯಲ್ಲಿ, ರಜೆಯ ದಿನದ ಬಟ್ಟೆಗಳು ಹಗ್ಗದಲ್ಲಿ ಒಣಗುತ್ತಿದ್ದವು. ಹೆಂಗಸರು ಬರುತ್ತಿದ್ದಾರೆಂದು ಹಸನ್ ಕುಂಞಿ ಕೂಗಿ ಹೇಳಿದ್ದರಿಂದ ಉಳಿದವರು ಲುಂಗಿ ಸರಿಮಾಡಿಕೊಂಡು ಟೆರೇಸಿಗೆ ಹೋಗಿದ್ದರು. ಬಾಡಣ್ಣ ಸ್ಟೌವಿನ ಮುಂದೆ ನಿಂತು ಚಹಾಕ್ಕೆ ನೀರು ಇಡುತ್ತಿದ್ದ.

“ಕೂರಿ ಉಮ್ಮ. ಆ ಮಂಚ ಬೇಡ, ಅದರ ಕಾಲು ಅಲ್ಲಾಡ್ತದೆ. ಇದರಲ್ಲಿ ಕೂರಿ.”

“ಕೂರಲಿಕ್ಕೆ ಬಂದದ್ದಲ್ಲ,” ಎಂದು ಅಲೀಮಮ್ಮ ಕೂತಳು. “ಚೀಲ ಕಟ್ಟು.”

“ಚಹಾ ಕುಡಿಯುವಾ ಮೊದಲು.”

“ಚಹಾಕ್ಕೆ ಶುಂಠಿ ಹಾಕ್ತೀಯಾ?”

“ಹಾಕ್ತೇನೆ.”

“ಹಾಳಾಗಿ ಹೋಗು. ಹಾಕು.”

ಹಕೀಮ್ ಫೋನು ತೋರಿಸಿದ. “ಎಲ್ಲ ಸರಿ ಆಯ್ತು ಬಾಡಣ್ಣ. ರಿಯಾಯಿತಿ ಬಂತು. ಉಮ್ಮ ಎಲ್ಲಿಗೂ ಹೋಗುವುದಿಲ್ಲ.”

“ಒಳ್ಳೆಯದಾಯ್ತು ಮಾರಾಯ.” ಬಾಡಣ್ಣನ ಮುಖ ಅರಳಿತು. ಅವನು ಅಲೀಮಮ್ಮನ ಕಡೆ ತಿರುಗಿದ. “ನಾನು ಇಲ್ಲಿ ಮಲಗಿ ದಿನಾ ಅದನ್ನೇ ಯೋಚಿಸ್ತಿದ್ದೆ. ನಿಮ್ಮನ್ನು ಊರಿಗೆ ಕಳಿಸಿದ ಪಾಪ ನನಗೆ ಬೇಡ ಅಂತ.”

“ಹಾಗಾದರೆ ಹೊರಡು. ಮಧ್ಯಾಹ್ನದ ಅನ್ನ ಇಟ್ಟೇ ಬಂದದ್ದು.”

ಅವನು ಐದು ಲೋಟಕ್ಕೆ ಚಹಾ ಸೋಸಿ, ಒಂದೊಂದನ್ನೇ ಎಲ್ಲರ ಕೈಗೆ ಕೊಟ್ಟ. ಶಮೀರಾಗೆ ಕೊಡುವಾಗ ಎಂದಿನಂತೆ ಲೋಟದ ಕಡೆಯೇ ನೋಡಿದ.

“ಬಾಡಣ್ಣ,” ಎಂದಳು ಶಮೀರಾ. ಅವಳು ಲೋಟವನ್ನು ಕೆಳಗಿಟ್ಟಳು. “ಇವರು ಕರೀತಾರೆ ಅಂತ ಬರಬೇಡಿ. ಮಾಮಿ ಕರೀತಾರೆ ಅಂತಲೂ ಬೇಡ. ಮೊದಲ ಸಲ ನಿಮ್ಮನ್ನು ಕರೆದವಳು ನಾನಲ್ಲ. ಈಗ ನಾನು ಕರೀತಾ ಇದ್ದೇನೆ. ಹಾಲ್‌ಗೆ ಪರದೆ ಹಾಕಿದ್ದೇನೆ. ಕಿಟಕಿಯ ಬದಿ ನಿಮ್ಮದು. ತೊಂಬತ್ತು ದಿನ ಆಗುವಾಗ ಮತ್ತೆ ಹದಿನೈದು ದಿನ ಇಲ್ಲಿಗೆ ಬನ್ನಿ, ಆಮೇಲೆ ಮತ್ತೆ ನಾನೇ ಬಂದು ಕರೆಯುತ್ತೇನೆ. ನಿಮಗೆ ಊರಿಗೆ ಹೋಗುವ ಮನಸ್ಸಾಗುವ ತನಕ ಹೀಗೇ ಮಾಡುವಾ.”

ಕೆಳಗೆ ಹೊಲಿಗೆ ಯಂತ್ರವೊಂದು ಓಡಿ ನಿಂತಿತು. ಮೆಟ್ಟಿಲಿನ ಮೇಲೆ ಕೇಳಿದ ನಗು ನೆನಪಾಗಿ ಹುದಾ ಅವನನ್ನು ನೋಡಿದಳು, ಅವನು ಅವಳನ್ನು ನೋಡಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಬಾಡಣ್ಣ ತಲೆಯೆತ್ತಿ ಶಮೀರಾಳ ಮುಖವನ್ನೇ ನೇರವಾಗಿ ನೋಡಿದ. ಅವನ ಕಣ್ಣಿನಲ್ಲಿ ಬೇಸರವಿರಲಿಲ್ಲ.

“ಇಲ್ಲ ತಂಗಿ,” ಎಂದ. “ನಾನು ಬರುವುದಿಲ್ಲ.”